ಇರುಳ ಹಾರಾಟದಲ್ಲಿ ದಿಗ್ಭ್ರಮೆ

‘ದಿಗ್ಭ್ರಮೆ’ ಎಂಬ ಮಾತನ್ನು ನಾವು ಈಗೀಗ ಬಹಳ ಸಡಿಲವಾಗಿ ಬಳಸುತ್ತೇವೆ. ನೆನೆಯದ ಸುದ್ದಿಯೊಂದು ಕಿವಿಗೆ ಬಿದ್ದರೆ ಸಾಕು, ‘ಕೇಳಿ ದಿಗ್ಭ್ರಮೆಯಾಯಿತು’ ಎನ್ನುತ್ತೇವೆ. ಶಬ್ದವನ್ನು ಬಿಡಿಸಿ ನೋಡಿದರೆ ಅರ್ಥ ಇನ್ನೂ ಖಚಿತವಾದುದು. ದಿಕ್ಕಿನ ವಿಷಯದಲ್ಲಿ ಉಂಟಾಗುವ ಭ್ರಮೆಯೇ ದಿಗ್ಭ್ರಮೆ. ರಾತ್ರಿಯ ರೈಲಿನಲ್ಲಿ ಪರವೂರಿಗೆ ಹೋಗಿ ಇಳಿದವರು ಮರುದಿನ ಬೆಳಗ್ಗೆ ಎದ್ದಾಗ ಸೂರ್ಯನು ಪಡುವಣದಲ್ಲಿ ಮೂಡಿದಂತೆ ಕಂಡು ಬೆರಗಾಗುವುದುಂಟು. ಸೂರ್ಯ ಮೂಡುವುದು ಮೂಡಣದಲ್ಲಿಯೇ ಎಂಬುದನ್ನು ಬುದ್ಧಿ ಬಲ್ಲದು. ಮನಸ್ಸು ಮಾತ್ರ ಒಪ್ಪುವುದಿಲ್ಲ.

ಈ ಭ್ರಮೆಯಲ್ಲಿ ಒಂದು ವಿಶೇಷವಿದೆ. ಹಗ್ಗವನ್ನು ಹಾವೆಂದು ಬಗೆದು ಹೆದರಿದವನ ಉದಾಹರಣೆಯನ್ನು ನೀವೆಲ್ಲ ಕೇಳಿದ್ದೀರಿ. ದೀಪ ತಂದು ನೋಡಿದೊಡನೆ ಹಾವು ಹೋಯಿತು, ಹಗ್ಗ ಉಳಿಯಿತು. ದಿಗ್ಭ್ರಮೆ ಹಾಗಲ್ಲ. ನಿಜ ಯಾವುದೆಂದು ತಿಳಿದ ಮೇಲೂ ಅದು ಬಿಟ್ಟುಹೋಗುವುದಿಲ್ಲ. ನೆಲದ ಮೇಲಿದ್ದವನಿಗೆ ಇದರಿಂದ ದೊಡ್ಡ ನಷ್ಟವೇನೂ ಇಲ್ಲ; ಮಾರ್ಕೆಟ್ಟಿಗೆ ಹೋಗಬೇಕಾದವನು ಸ್ಟೇಷನ್ನಿಗೆ ಹೋದಾನು, ಅಷ್ಟೆ. ಆದರೆ ಕತ್ತಲೆಯ ಆಕಾಶದಲ್ಲಿ ಒಬ್ಬನೇ ಕುಳಿತು ವಿಮಾನವನ್ನು ನಡೆಸುತ್ತಿರುವವನಿಗೆ, ಮೇಲು ಯಾವುದು, ಕೆಳಗು ಯಾವುದು ಎಂಬಲ್ಲಿಯೇ ಈ ಭ್ರಮೆ ಹುಟ್ಟಿದರೆ? ಆ ಮಾತನ್ನೇ ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಅಮೆರಿಕದಂತಹ ದೇಶದಲ್ಲಿ ಮೋಟಾರು ಕಾರು ಇಟ್ಟುಕೊಂಡಂತೆ ಸ್ವಂತ ವಿಮಾನವನ್ನು ಇಟ್ಟುಕೊಂಡವರು ಅನೇಕರಿದ್ದಾರೆ. ಇವರು ಸಂಬಳಕ್ಕೆ ವಿಮಾನ ನಡೆಸುವವರಲ್ಲ. ಹವ್ಯಾಸಕ್ಕಾಗಿಯೋ ತಮ್ಮ ಓಡಾಟಕ್ಕಾಗಿಯೋ ಹಾರಾಟ ಕಲಿತು ಲೈಸೆನ್ಸು ಪಡೆದವರು. ನೋಟ ಸ್ಪಷ್ಟವಾಗಿರುವಾಗ ಕಣ್ಣಿನಿಂದ ನೋಡಿಕೊಂಡು ಹಾರುವುದು ಒಂದು ಬಗೆ. ಮೋಡ ಮಂಜುಗಳೊಳಗೆ ಉಪಕರಣಗಳನ್ನು ಮಾತ್ರ ನೋಡಿಕೊಂಡು ಹಾರುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಬೇರೆ ಶಿಕ್ಷಣ, ಬೇರೆ ಪರೀಕ್ಷೆ ಉಂಟು. ಆದರೆ ಮೊದಲನೆಯ ಬಗೆಯ ಲೈಸೆನ್ಸು ಇದ್ದವರೂ ಅಲ್ಲಿ ರಾತ್ರಿಯ ಹೊತ್ತು ಹಾರಬಹುದು. ಕಾನೂನಿಗೆ ಒಪ್ಪಿದ್ದೆಲ್ಲ ಕ್ಷೇಮವಾದುದೇ ಎಂದು ತಿಳಿದಲ್ಲಿ ಅಪಾಯ ಪ್ರಾರಂಭವಾಗುತ್ತದೆ.

ಒಂದು ಪ್ರಸಂಗವನ್ನು ನೋಡಿ. 1999ನೆಯ ಇಸವಿ ಜುಲೈ 16, ಶುಕ್ರವಾರ. 1963ರಲ್ಲಿ ಕೊಲೆಗೀಡಾದ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ, ತಂದೆಯ ಹೆಸರನ್ನೇ ಹೊತ್ತಿದ್ದ ಕಿರಿಯ ಜಾನ್ ಕೆನಡಿಯವರು ತಮ್ಮ ಪೈಪರ್ ಸಾರಟೋಗ ವಿಮಾನದಲ್ಲಿ ನ್ಯೂಜೆರ್ಸಿಯಿಂದ ಹೊರಟರು. ಅವರಿಗೆ ಆಗ 38 ವರ್ಷ. ಜೊತೆಯಲ್ಲಿ ಪತ್ನಿ ಕ್ಯಾರೊಲಿನ್ ಮತ್ತು ಪತ್ನಿಯ ಅಕ್ಕ ಲಾರೆನ್ ಇದ್ದರು. ಮರುದಿನ ಚಿಕ್ಕಪ್ಪನ ಮಗಳ ಮದುವೆ. ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪದಲ್ಲಿ ಅತ್ತಿಗೆಯನ್ನು ಇಳಿಸಿ, ಮದುವೆಯ ಊರಿಗೆ ಹೋಗುವ ಉದ್ದೇಶ. ವಿಮಾನ ನೆಲ ಬಿಟ್ಟಾಗ ರಾತ್ರಿ 8 ಗಂಟೆ 38 ನಿಮಿಷ. ಸೂರ್ಯ ಮುಳುಗಿ ಆಗಿತ್ತು.

ಕೆನಡಿಯವರು ಹಾರಾಟಕ್ಕೆ ತೀರ ಹೊಸಬರೇನಲ್ಲ. ಒಟ್ಟು ಸುಮಾರು 310 ಗಂಟೆಗಳ ಅನುಭವವಿತ್ತು. ಅದರಲ್ಲಿ 55 ಗಂಟೆ ರಾತ್ರಿಯದು. ಆದರೆ ಈ ವಿಮಾನದಲ್ಲಿ, ಪಕ್ಕದಲ್ಲಿ ಶಿಕ್ಷಕರಿಲ್ಲದೆ ರಾತ್ರಿ ಹಾರಿದ್ದು ಒಂದು ಗಂಟೆಯೂ ಇರಲಿಲ್ಲ. ಉಪಕರಣಗಳ ಹಾರಾಟದ ಶಿಕ್ಷಣ ಅರ್ಧ ಮುಗಿದಿತ್ತು, ಇನ್ನರ್ಧ ಉಳಿದಿತ್ತು. ಜೊತೆಗೆ ಬರುತ್ತೇನೆಂದು ಒಬ್ಬ ಶಿಕ್ಷಕರು ಹೇಳಿದ್ದರು. ತಾವೇ ಹೋಗುವುದಾಗಿ ಅವರು ಉತ್ತರ ಕೊಟ್ಟರು.

ಕರಾವಳಿಯ ಗುಂಟ 5,500 ಅಡಿ ಎತ್ತರದಲ್ಲಿ ಹಾರುವಷ್ಟು ಕಾಲ ದಾರಿ ಸುಗಮವಾಗಿತ್ತು. ಊರುಗಳ ದೀಪಗಳು ಕೆಳಗೆ ಸಾಲಾಗಿದ್ದವು. ರೋಡ್ ಐಲೆಂಡಿನ ತೀರ ದಾಟಿದ ಮೇಲೆ ಮುಂದೆ ಮೂವತ್ತು ಮೈಲಿಯಷ್ಟು ಬರಿಯ ಸಮುದ್ರ. ಆ ರಾತ್ರಿ ಗಾಳಿಯಲ್ಲಿ ತೆಳುವಾದ ಮಂಜು ಕವಿದಿತ್ತು. ಮಳೆಯಿಲ್ಲ, ಬಿರುಗಾಳಿಯಿಲ್ಲ, ನಿಯಮದ ಪ್ರಕಾರ ಹಾರಬಹುದಾದ ಹವೆಯೇ. ಆದರೆ ಸಮುದ್ರ ಮುಗಿದು ಆಕಾಶ ತೊಡಗುವ ಗೆರೆ ಮಾತ್ರ ಎಲ್ಲಿಯೂ ಕಾಣದು. ಅದೇ ಸಂಜೆ ಆ ಕಡೆಗೆ ಹಾರಿದ್ದ ಇನ್ನೊಬ್ಬ ವೈಮಾನಿಕರು, ದ್ವೀಪದ ದೀಪಗಳು ಒಂದೂ ಕಾಣದಿರಲು, ಅಲ್ಲಿ ವಿದ್ಯುತ್ತು ಕೆಟ್ಟಿರಬಹುದೆಂದು ತಿಳಿದರಂತೆ!

ರೇಡಾರಿನ ದಾಖಲೆಯಲ್ಲಿ ಮುಂದಿನ ಕಥೆಯೆಲ್ಲ ಇದೆ. ವಿಮಾನ ಇಳಿಯತೊಡಗಿತು, ಬಲಕ್ಕೆ ತಿರುಗಿತು, ಸ್ವಲ್ಪ ಮೇಲೇರಿತು, ಎಡಕ್ಕೆ ಹೊರಳಿತು, ಮತ್ತೆ ಬಲಕ್ಕೆ ಸುತ್ತುತ್ತ ಕೆಳಗೆ ಧುಮುಕಿತು. ಇಂತಹ ವಿಮಾನ ಪ್ರಯಾಣಿಕರಿಗೆ ತೊಂದರೆಯಾಗದಂತೆ ಇಳಿಯುವುದು ನಿಮಿಷಕ್ಕೆ 500 ಅಡಿಯ ಆಸುಪಾಸಿನಲ್ಲಿ. ಕೊನೆಯ ಕ್ಷಣಗಳಲ್ಲಿ ಅದು ಇಳಿಯುತ್ತಿದ್ದ ವೇಗ ನಿಮಿಷಕ್ಕೆ 4,700 ಅಡಿಗೂ ಹೆಚ್ಚು. ಗಂಟೆ 9-41ರ ಸುಮಾರಿಗೆ ಎಲ್ಲವೂ ಮುಗಿಯಿತು. ಕೆಲವು ದಿನಗಳ ಮೇಲೆ ಮುಳುಗುಗಾರರು ಸುಮಾರು 120 ಅಡಿ ಆಳದ ಕಡಲತಳದಿಂದ ಮೂವರ ದೇಹಗಳನ್ನೂ ಎತ್ತಿದರು. ಯಂತ್ರದಲ್ಲಿ ಯಾವ ದೋಷವೂ ಕಂಡುಬರಲಿಲ್ಲ. ಕತ್ತಲೆಯಲ್ಲಿ ನೀರಿನ ಮೇಲೆ ಇಳಿಯುವಾಗ ದಿಗ್ಭ್ರಮೆಯಿಂದ ಚಾಲಕರ ಹತೋಟಿ ತಪ್ಪಿತು, ಮಂಜೂ ಕಗ್ಗತ್ತಲೆಯೂ ಅದಕ್ಕೆ ಸಹಾಯಕವಾದವು ಎಂದು ತನಿಖೆಯ ಮಂಡಲಿ 2000ದಲ್ಲಿ ವರದಿ ಕೊಟ್ಟಿತು.

ಆರೋಗ್ಯವಂತರಾದ, ವಿವೇಕಿಗಳಾದ ಮನುಷ್ಯರಿಗೆ ಹೀಗೇಕೆ ಆಗುತ್ತದೆ?

ನಾವು ನೆಟ್ಟಗೆ ನಿಂತಿದ್ದೇವೆಯೆ, ವಾಲಿದ್ದೇವೆಯೆ ಎಂಬುದನ್ನು ಮಿದುಳಿಗೆ ತಿಳಿಸುವ ಸಾಕ್ಷಿಗಳು ಮೂರು. ಒಂದು ಕಣ್ಣು, ಎರಡು ಒಳಕಿವಿ, ಮೂರು ದೇಹದ ತೂಕವನ್ನು ಹೊತ್ತ ಮಾಂಸಖಂಡಗಳು ಮತ್ತು ಕೀಲುಗಳು. ಇವುಗಳಲ್ಲಿ ಮುಖ್ಯ ಸಾಕ್ಷಿ ಕಣ್ಣೇ. ದೂರದ ದಿಗಂತದ ಗೆರೆ ಕಣ್ಣಿಗೆ ಕಾಣುತ್ತಿರುವಷ್ಟು ಹೊತ್ತು ಉಳಿದೆರಡು ಸಾಕ್ಷಿಗಳು ಅದಕ್ಕೆ ತಲೆಬಾಗಿ ನಡೆಯುತ್ತವೆ. ಕಣ್ಣಿಗೆ ಹಿಡಿಯಲು ಏನೂ ಇಲ್ಲದಾದಾಗ ಅವೇ ಯಜಮಾನರಾಗುತ್ತವೆ. ಆಮೇಲೆ ಅವು ಹೇಳುವ ಸುಳ್ಳಿಗೆ ಮಿತಿಯಿಲ್ಲ.

ಒಳಕಿವಿಯಲ್ಲಿ ಅರ್ಧವೃತ್ತಾಕಾರದ ಮೂರು ಸಣ್ಣ ನಾಳಗಳಿವೆ. ಒಂದೊಂದೂ ಒಂದೊಂದು ದಿಕ್ಕಿಗೆ ಮುಖಮಾಡಿದೆ. ಒಳಗೆ ದ್ರವ ತುಂಬಿದೆ. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ. ಅದು ಒತ್ತಿದ ಸೂಕ್ಷ್ಮವಾದ ರೋಮಗಳು ಬಾಗಿ, ‘ತಿರುಗುತ್ತಿದ್ದೇನೆ’ ಎಂಬ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಇದನ್ನು ಮನೆಯಲ್ಲಿಯೇ ನೋಡಬಹುದು. ಒಂದು ಬೋಗುಣಿಯಲ್ಲಿ ನೀರು ತುಂಬಿ ಮೇಲೆ ತುಳಸಿಯ ದಳವೊಂದನ್ನು ತೇಲಿಬಿಡಿ. ಬೋಗುಣಿಯನ್ನು ಮೆಲ್ಲಗೆ ತಿರುಗಿಸಿ. ಮೊದಲು ಬೋಗುಣಿ ಮಾತ್ರ ತಿರುಗುತ್ತದೆ, ದಳ ನಿಂತಲ್ಲೇ ನಿಲ್ಲುತ್ತದೆ. ತಿರುಗಿಸುತ್ತಲೇ ಇದ್ದರೆ ನೀರೂ ಜೊತೆಗೂಡುತ್ತದೆ. ಈಗ ಥಟ್ಟನೆ ಬೋಗುಣಿಯನ್ನು ನಿಲ್ಲಿಸಿದರೆ ನೀರು ಮಾತ್ರ ತಿರುಗುತ್ತಲೇ ಇರುತ್ತದೆ. ನಮ್ಮ ಕಿವಿಯಲ್ಲಿ ನಡೆಯುವುದೂ ಇದೇ. ಮಕ್ಕಳು ಗಿರ್ರನೆ ಸುತ್ತಿ ನಿಂತಾಗ ಅಂಗಳವೆಲ್ಲ ತಿರುಗುವುದೆಂದು ಕೂಗುವುದು ಇದಕ್ಕಾಗಿಯೇ.

ತಿರುಗುವ ಕುರ್ಚಿಯಲ್ಲಿ ಒಬ್ಬರನ್ನು ಕಣ್ಣು ಕಟ್ಟಿ ಕೂರಿಸಿ ಒಂದೇ ವೇಗದಲ್ಲಿ ಸುತ್ತಿಸಿದರೆ, ಹತ್ತಿಪ್ಪತ್ತು ಸೆಕೆಂಡು ಕಳೆಯುವುದರೊಳಗೆ ‘ಕುರ್ಚಿ ನಿಂತಿತು’ ಎನ್ನುತ್ತಾರೆ. ನಿಜವಾಗಿ ನಿಲ್ಲಿಸಿದೊಡನೆ ‘ಎದುರು ದಿಕ್ಕಿಗೆ ತಿರುಗುತ್ತಿದ್ದೇನೆ’ ಎನ್ನುತ್ತಾರೆ. ಒಳಕಿವಿಯ ಈ ವ್ಯವಹಾರವನ್ನು ಶೋಧಿಸಿದವರಲ್ಲಿ ಪ್ರಮುಖರು ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ. ರೋಗಿಗಳ ಕಿವಿಯನ್ನು ತಣ್ಣೀರಿನಿಂದ ತೊಳೆದರೆ ಕಣ್ಣುಗುಡ್ಡೆ ಒಂದು ಕಡೆಗೆ, ಬಿಸಿನೀರಿನಿಂದ ತೊಳೆದರೆ ಇನ್ನೊಂದು ಕಡೆಗೆ ಅದುರುವುದನ್ನು ಕಂಡು ಅವರು ಈ ವಿಚಾರಕ್ಕೆ ಕೈಹಾಕಿದರು. 1914ರ ನೊಬೆಲ್ ಪಾರಿತೋಷಕ ಅವರಿಗೆ ಬಂದ ಸುದ್ದಿ ಮುಟ್ಟಿದಾಗ ಅವರು ರಷ್ಯದಲ್ಲಿ ಯುದ್ಧಕೈದಿಯಾಗಿದ್ದರು.

ಈಗ ವಿಮಾನಕ್ಕೆ ಬರೋಣ. ಕತ್ತಲೆಯಲ್ಲಿ ಎಡ ರೆಕ್ಕೆ ನಿಧಾನವಾಗಿ, ಸೆಕೆಂಡಿಗೆ ಒಂದೆರಡು ಡಿಗ್ರಿಯಂತೆ ತಗ್ಗಿತೆನ್ನಿ. ಇಷ್ಟು ನಿಧಾನದ ಚಲನೆ ಕಿವಿಗೆ ತಿಳಿಯುವುದೇ ಇಲ್ಲ. ಚಾಲಕನ ಪಾಲಿಗೆ ವಿಮಾನ ನೆಟ್ಟಗಿದೆ. ವಾಸ್ತವವಾಗಿ ಅದು ಎಡಕ್ಕೆ ಸುತ್ತುತ್ತಿದೆ. ಉಪಕರಣವನ್ನು ನೋಡಿ ಅವನು ರೆಕ್ಕೆಯನ್ನು ಥಟ್ಟನೆ ಸರಿಮಾಡಿದರೆ, ಕಿವಿ ಆ ಒಂದು ಚಲನೆಯನ್ನು ಮಾತ್ರ ಕೇಳಿ, ‘ಬಲಕ್ಕೆ ವಾಲಿದೆ’ ಎಂದು ಬೊಬ್ಬೆಯಿಡುತ್ತದೆ. ಅದನ್ನು ನಂಬಿದವನು ಮತ್ತೆ ಎಡಕ್ಕೇ ವಾಲಿಸುತ್ತಾನೆ. ವಾಲಿದ ವಿಮಾನದ ಮೂತಿ ತಾನಾಗಿ ಕೆಳಗಾಗುತ್ತದೆ, ಎತ್ತರ ಇಳಿಯುತ್ತದೆ. ‘ನೆಟ್ಟಗೆ ಹೋಗುತ್ತಿರುವ ವಿಮಾನ ಇಳಿಯುತ್ತಿದೆಯಲ್ಲ’ ಎಂದು ಅವನು ಹಿಡಿಯನ್ನು ತನ್ನ ಕಡೆಗೆ ಎಳೆದರೆ ಸುತ್ತು ಇನ್ನೂ ಬಿಗಿಯಾಗುತ್ತದೆ, ಇಳಿತ ಇನ್ನೂ ಹೆಚ್ಚುತ್ತದೆ. ವೈಮಾನಿಕರು ಇದನ್ನು ‘ಸ್ಮಶಾನದ ಸುರುಳಿ’ ಎಂದು ಕರೆಯುತ್ತಾರೆ. ಮೊದಲು ರೆಕ್ಕೆಯನ್ನು ಸಮ ಮಾಡಿ ಆಮೇಲೆ ಮೂತಿಯನ್ನು ಎತ್ತಬೇಕೆಂಬುದು ಪಾಠ. ಆದರೆ ರೆಕ್ಕೆ ವಾಲಿದೆಯೆಂದೇ ಅರಿಯದವನು ಅದನ್ನು ಸಮ ಮಾಡುವುದೆಂತು?

ಭ್ರಮೆಗಳು ಇನ್ನೂ ಹಲವುಂಟು. ಕತ್ತಲೆಯೊಳಕ್ಕೆ ವಿಮಾನ ಏರುವಾಗ ವೇಗ ಹೆಚ್ಚುತ್ತಿದ್ದರೆ ಬೆನ್ನು ಕುರ್ಚಿಗೆ ಒತ್ತುತ್ತದೆ. ಒಳಕಿವಿಯಲ್ಲಿರುವ ಸುಣ್ಣದ ಸಣ್ಣ ಹರಳುಗಳು ಹಿಂದಕ್ಕೆ ಜರಗಿ, ಮೂತಿ ವಿಪರೀತ ಮೇಲಾಗಿದೆಯೆಂಬ ಭಾವನೆ ಬರುತ್ತದೆ. ಹೆದರಿ ಮೂತಿಯನ್ನು ತಗ್ಗಿಸಿದರೆ ಎದುರಿಗೆ ನೆಲವೇ. ಬೇರೇನೂ ಇಲ್ಲದ ಕಪ್ಪಿನಲ್ಲಿ ಒಂಟಿ ದೀಪವೊಂದನ್ನು ನೆಟ್ಟ ನೋಟದಿಂದ ನೋಡುತ್ತಿದ್ದರೆ, ನಿಂತ ದೀಪವೇ ನಡೆದಾಡುವಂತೆ ತೋರುತ್ತದೆ. ಇಳಿಜಾರಾದ ಮೋಡದ ಅಂಚನ್ನಾಗಲಿ, ಓರೆಯಾಗಿ ಹೋದ ರಸ್ತೆಯ ದೀಪಗಳ ಸಾಲನ್ನಾಗಲಿ ದಿಗಂತವೆಂದು ಬಗೆದು, ಅದಕ್ಕೆ ಸರಿಯಾಗಿ ವಿಮಾನವನ್ನು ವಾಲಿಸಿದವರಿದ್ದಾರೆ. ಸುತ್ತ ಕತ್ತಲೆಯಿದ್ದು ಇಳಿದಾಣದ ದೀಪಗಳು ಮಾತ್ರ ಉರಿಯುತ್ತಿದ್ದರೆ, ಇರುವುದಕ್ಕಿಂತ ಎತ್ತರದಲ್ಲಿದ್ದೇವೆಂಬ ಭ್ರಾಂತಿ ಹುಟ್ಟಿ ದಾಣ ಮುಟ್ಟುವ ಮೊದಲೇ ನೆಲ ಮುಟ್ಟುವುದುಂಟು.

ಕಣ್ಣಿಗೂ ಇರುಳಿನಲ್ಲಿ ಬಲ ಸಾಲದು. ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ಅದಕ್ಕೆ ಅರ್ಧ ಗಂಟೆ ಬೇಕು. ಪ್ರಖರವಾದ ಬೆಳಕು ಒಮ್ಮೆ ಬಿದ್ದರೆ ಹೊಂದಿಕೆ ಕೆಟ್ಟುಹೋಗುತ್ತದೆ. ದೃಷ್ಟಿಯ ನಟ್ಟನಡುವಿನ ಭಾಗ ಮಂದ ಬೆಳಕಿನಲ್ಲಿ ಕುರುಡು. ಆದ್ದರಿಂದಲೇ ಮಸುಕಾದ ನಕ್ಷತ್ರ ನೆಟ್ಟು ನೋಡಿದರೆ ಮರೆಯಾಗಿ, ಕಡೆಗಣ್ಣಿನಲ್ಲಿ ನೋಡಿದರೆ ಕಾಣುತ್ತದೆ. ಐದು ಸಾವಿರ ಅಡಿ ಎತ್ತರದ ವಿರಳವಾದ ಗಾಳಿಯಲ್ಲಿಯೇ ಇರುಳುನೋಟ ಕುಂದತೊಡಗುತ್ತದೆ.

‘ನನಗೆ ಹೀಗಾಗದು’ ಎನ್ನುವವರಿಗೆ ಹಳೆಯ ಪ್ರಯೋಗವೊಂದು ಉತ್ತರ ಕೊಡುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದವರು ಉಪಕರಣಗಳ ಶಿಕ್ಷಣವಿಲ್ಲದ 20 ಮಂದಿಯನ್ನು ಒಬ್ಬೊಬ್ಬರಾಗಿ, ಪಕ್ಕದಲ್ಲಿ ಶಿಕ್ಷಕರನ್ನಿಟ್ಟು, ಹೊರಗಿನ ನೋಟವನ್ನು ಮರೆಮಾಡಿ ವಿಮಾನ ನಡೆಸಲು ಬಿಟ್ಟರು. ಇಪ್ಪತ್ತು ಜನರೂ ಹತೋಟಿ ತಪ್ಪಿದರು. ಅತಿ ಬೇಗನೆ ತಪ್ಪಿದವರಿಗೆ ಹಿಡಿದದ್ದು 20 ಸೆಕೆಂಡು; ಅತಿ ತಡವಾಗಿ ತಪ್ಪಿದವರಿಗೆ 480 ಸೆಕೆಂಡು. ಸರಾಸರಿ 178 ಸೆಕೆಂಡು. ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ. ವೀಳ್ಯ ಮಡಿಸಿ ಬಾಯಿಗಿಡುವಷ್ಟು ಹೊತ್ತು! ಆದರೆ ಕಥೆಯ ಉತ್ತರಾರ್ಧವನ್ನು ಮರೆಯಬಾರದು. ಅವರಿಗೇ ಉಪಕರಣಗಳನ್ನು ನೋಡಿ ಮೆಲ್ಲಗೆ ಹಿಂದಿರುಗುವ ಕ್ರಮವನ್ನು ಕಲಿಸಿ ಮತ್ತೆ ಪರೀಕ್ಷಿಸಿದಾಗ ಬಹುಮಟ್ಟಿಗೆ ಎಲ್ಲ ಪ್ರಯತ್ನಗಳೂ ಸಫಲವಾದವು. ಹುಟ್ಟಿನಿಂದ ಬಾರದ ವಿದ್ಯೆ ಕಲಿಕೆಯಿಂದ ಬರುತ್ತದೆ ಎಂದಾಯಿತು.

ಆ ಕಲಿಕೆಗೆ ಆಧಾರ ‘ಕೃತಕ ದಿಗಂತ’ ಎಂಬ ಉಪಕರಣ. ಇದರ ಮರ್ಮವನ್ನು ನಮ್ಮ ಹಳ್ಳಿಯ ಹುಡುಗರೆಲ್ಲ ಬಲ್ಲರು. ವೇಗವಾಗಿ ಆಡುತ್ತಿರುವ ಬುಗುರಿಯನ್ನು ಅಂಗೈ ಮೇಲೆ ಎತ್ತಿಕೊಂಡು ಕೈಯನ್ನು ಸ್ವಲ್ಪ ವಾಲಿಸಿದರೂ ಬುಗುರಿ ನೆಟ್ಟಗೇ ನಿಂತಿರುತ್ತದೆಯಲ್ಲವೆ? ಹಾಗೆಯೇ ವಿಮಾನದೊಳಗೆ ಬುಗುರಿಯಂತಹ ಚಕ್ರವೊಂದು ಸುತ್ತುತ್ತಿರುತ್ತದೆ. ವಿಮಾನ ವಾಲಿದರೂ ಅದು ವಾಲದು. ಅದಕ್ಕೆ ಹೊಂದಿಸಿದ ಗೆರೆ ಚಾಲಕನ ಕಣ್ಣೆದುರಿಗೆ ದಿಗಂತವನ್ನು ತೋರಿಸುತ್ತದೆ. ಈಚಿನ ವಿಮಾನಗಳಲ್ಲಿ ಚಕ್ರದ ಬದಲು ಎಲೆಕ್ಟ್ರಾನಿಕ್ ಉಪಕರಣಗಳು ಬಂದಿವೆ, ಕೆಲಸ ಒಂದೇ. 1929ರ ಸೆಪ್ಟೆಂಬರ್ 24ರಂದು ಜೇಮ್ಸ್ ಡೂಲಿಟ್ಲ್ ಎಂಬ ವೈಮಾನಿಕರು ಇಂತಹ ಉಪಕರಣಗಳನ್ನು ನಂಬಿ, ತಮ್ಮ ಆಸನದ ಮೇಲೆ ಮುಸುಕು ಹಾಕಿಸಿಕೊಂಡು, ಹೊರಗಿನದೇನನ್ನೂ ನೋಡದೆ ವಿಮಾನವನ್ನು ಏರಿಸಿ, ಸುತ್ತಾಡಿಸಿ, ಇಳಿಸಿ ತೋರಿಸಿದರು.

ಆದರೆ ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡುವುದೂ ತಪ್ಪು. 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಸಮ್ರಾಟ್ ಅಶೋಕ’ ಎಂಬ ಭಾರೀ ವಿಮಾನ, ನೆಲ ಬಿಟ್ಟು ಎರಡು ನಿಮಿಷ ಕಳೆಯುವುದರೊಳಗೆ ಅರಬ್ಬೀ ಸಮುದ್ರಕ್ಕೆ ಬಿದ್ದು 213 ಮಂದಿ ಸತ್ತರು. ಅನುಭವಶಾಲಿಯಾದ ಕ್ಯಾಪ್ಟನ್ನರ ಎದುರಿನ ಕೃತಕ ದಿಗಂತವೇ ಕೆಟ್ಟು, ವಿಮಾನ ಬಲಕ್ಕೆ ವಾಲಿದೆಯೆಂದು ತೋರಿಸಿತು. ಹೊರಗೆ ಕಡಲ ಕತ್ತಲೆ. ಅವರು ಎಡಕ್ಕೆ ಎಡಕ್ಕೆ ಹೊರಳಿಸಿದರು. ಉಳಿದ ಉಪಕರಣಗಳೊಡನೆ ತಾಳೆ ನೋಡಿದ್ದರೆ ಸುಳ್ಳು ಬಯಲಾಗುತ್ತಿತ್ತು. ಕೃತಕ ದಿಗಂತ, ಎತ್ತರಮಾಪಕ, ವೇಗಮಾಪಕ, ದಿಕ್ಸೂಚಿ, ತಿರುವುಸೂಚಿ ಇವಿಷ್ಟನ್ನೂ ಸುತ್ತಿ ಸುತ್ತಿ ನೋಡುತ್ತ, ಒಂದರ ಮಾತನ್ನು ಇನ್ನೊಂದರಿಂದ ಒರೆಗೆ ಹಚ್ಚುವುದೇ ಈ ವಿದ್ಯೆಯ ಸಾರ.

ಬೆಂಗಳೂರಿನಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯೊಂದಿದೆ, ಪ್ರಾರಂಭವಾದದ್ದು 1957ರಲ್ಲಿ. ಅಲ್ಲಿ ವೈಮಾನಿಕರನ್ನು ನೆಲದ ಮೇಲಿನ ಯಂತ್ರದಲ್ಲಿ ಕೂರಿಸಿ ಈ ಭ್ರಮೆಗಳನ್ನು ಬೇಕೆಂದೇ ಉಂಟುಮಾಡಿ ತೋರಿಸುತ್ತಾರೆ. ಭ್ರಮೆ ಬಾರದಂತೆ ಮಾಡುವುದು ಅದರ ಉದ್ದೇಶವಲ್ಲ. ಬಂದಾಗ ಗುರುತು ಹಿಡಿಯಬೇಕು, ಮೈ ಹೇಳಿದ್ದನ್ನು ಬದಿಗಿಟ್ಟು ಉಪಕರಣ ಹೇಳಿದಂತೆ ಕೈ ನಡೆಸಬೇಕು, ಅಭ್ಯಾಸ ಇದಕ್ಕೆ.

ಅಮೆರಿಕದ ವಿಮಾನಯಾನ ಇಲಾಖೆ ಸಣ್ಣ ವಿಮಾನದವರಿಗಾಗಿ ಪ್ರಕಟಿಸಿದ ಕೈಪಿಡಿಯ ಪ್ರಕಾರ, ಅವರ ನೂರು ಅಪಘಾತಗಳಲ್ಲಿ 5ರಿಂದ 10 ದಿಗ್ಭ್ರಮೆಯವು. ಸಂಖ್ಯೆ ದೊಡ್ಡದಲ್ಲ. ಆದರೆ ಇಂತಹ ನೂರರಲ್ಲಿ 90 ಪ್ರಾಣಾಂತಿಕ. ತಡೆಯುವ ಉಪಾಯಗಳು ಸರಳವಾಗಿಯೇ ಇವೆ. ಚಂದ್ರನಿಲ್ಲದ ರಾತ್ರಿ, ಮಂಜು, ಕೆಳಗೆ ನೀರು ಅಥವಾ ಕಾಡು ಇವು ಕೂಡಿದಾಗ, ನಿಯಮ ಏನೇ ಹೇಳಲಿ, ಅದನ್ನು ಕಣ್ಣಿನ ಹಾರಾಟವೆಂದು ತಿಳಿಯಬಾರದು. ದೂರವಾದರೂ ದೀಪಗಳಿರುವ ದಡದ ದಾರಿಯನ್ನು ಹಿಡಿಯಬೇಕು. ತಲೆಯನ್ನು ಥಟ್ಟನೆ ಹೊರಳಿಸಬಾರದು. ಅನುಮಾನ ಬಂದ ಕ್ಷಣದಲ್ಲಿಯೇ ಸ್ವಯಂಚಾಲಕ ಯಂತ್ರಕ್ಕೆ ವಿಮಾನವನ್ನು ಒಪ್ಪಿಸಿ, ರೇಡಿಯೋದಲ್ಲಿ ನೆಲದವರ ನೆರವು ಕೇಳಬೇಕು. ಈಚಿನ ಎಷ್ಟೋ ಸಣ್ಣ ವಿಮಾನಗಳಲ್ಲಿ, ಒತ್ತಿದೊಡನೆ ರೆಕ್ಕೆಗಳನ್ನು ಸಮಸ್ಥಿತಿಗೆ ತರುವ ಗುಂಡಿಯೂ ಉಂಟು. ಇವೆಲ್ಲಕ್ಕೂ ಮೇಲಾದ ಉಪಾಯವೆಂದರೆ, ನೆಲದ ಮೇಲಿರುವಾಗಲೇ ‘ಇಂದು ಬೇಡ’ ಎನ್ನುವುದು.

ನಮ್ಮ ಓದುಗರಲ್ಲಿ ವಿಮಾನ ನಡೆಸುವವರು ವಿರಳ. ಆದರೆ ನಮ್ಮ ಮಕ್ಕಳು ಹೊರದೇಶಗಳಲ್ಲಿ ನೆಲಸಿರುವ ಕಾಲವಿದು. ಗೆಳೆಯರ ವಿಮಾನದಲ್ಲಿ ಹಿಂದಿನ ಆಸನವನ್ನು ಏರುವ ಪ್ರಸಂಗ ಯಾರಿಗಾದರೂ ಬಂದೀತು. ಆಗ ಎರಡು ಪ್ರಶ್ನೆ ಕೇಳಲು ಸಂಕೋಚ ಬೇಡ. ಉಪಕರಣಗಳ ಹಾರಾಟದ ಪರೀಕ್ಷೆಯಾಗಿದೆಯೆ? ಕತ್ತಲೆಗೆ ಮೊದಲು ತಲಪುತ್ತೇವೆಯೆ? ಎರಡಕ್ಕೂ ಉತ್ತರ ‘ಇಲ್ಲ’ ಎಂದಾದರೆ, ‘ನಾಳೆ ಬೆಳಗ್ಗೆ ಹೊರಡೋಣ’ ಎಂದು ಹೇಳಿಬಿಡಿ. ಮದುವೆಯ ಮನೆಗೆ ತಡವಾಗಿ ಹೋದವರನ್ನು ಯಾರೂ ಹೊರಗೆ ನಿಲ್ಲಿಸುವುದಿಲ್ಲ.

‘ದಿಗಂತ’ವೆಂದರೆ ದಿಕ್ಕುಗಳ ಕೊನೆ. ಅದು ಕಾಣದಾದಲ್ಲಿ ದಿಗ್ಭ್ರಮೆ ಬರುವುದು ದೇಹಧರ್ಮ, ಅದರಲ್ಲಿ ನಾಚಿಕೆಯಿಲ್ಲ. ಬಂದದ್ದು ಭ್ರಮೆಯೆಂದು ಒಪ್ಪಿಕೊಳ್ಳದಿರುವುದೇ ಅಪಾಯ.